ಮೋಡ ಕಟ್ಟಿದೆ, ವಾಲ್ವ್ ತಿರುಗಿಸಿ

ಏಪ್ರಿಲ್ ಬಂತೆಂದರೆ ರಾಜ್ಯದ ಅರ್ಧ ನದಿಗಳು ಮರಳು, ಬಂಡೆ ತೋರಿಸುತ್ತಾ ಮಲಗುತ್ತವೆ. ಬೆಂಗಳೂರಿನ ವೃಷಭಾವತಿಗೆ ಮಾತ್ರ ಆ ಚಿಂತೆ ಇಲ್ಲ. ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿ ದಾಟಿ ಕೆಂಗೇರಿ ಕಡೆಗೆ ಹನ್ನೆರಡು ತಿಂಗಳೂ ಹರಿಯುತ್ತದೆ. ಮೋಡ ಬಿತ್ತನೆ ಬೇಡ, ಪರ್ಜನ್ಯ ಜಪ ಬೇಡ. ನಾವು ಬಚ್ಚಲಲ್ಲಿ ಬಿಟ್ಟಿದ್ದು, ಕಾರ್ಖಾನೆಗಳು ಹಿಂಬಾಗಿಲಲ್ಲಿ ಬಿಟ್ಟಿದ್ದು ಸೇರಿದರೆ ಸಾಕು.

ಹಾಗಂತ ಯಾವುದಾದರೂ ಕಾರ್ಖಾನೆ ಕೊಳೆ ನೀರು ಬಿಡುತ್ತದೆ ಅಂತ ಹೇಳಿ ನೋಡಿ, ಒಪ್ಪುವವರೇ ಇಲ್ಲ. ಫೈಲಿನಲ್ಲಿ ಎಲ್ಲರ ಹತ್ತಿರವೂ ಇಟಿಪಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕ, ಇದೆ. ತಪಾಸಣೆ ದಿನ ಅದರ ಸಡಗರ ನೋಡಬೇಕು. ನೀರಿಗೆ ಗಾಳಿ ಕಲಸುವ ಏರೇಟರ್ ಗುಡುಗುಡು ತಿರುಗುತ್ತಿರುತ್ತದೆ. ಕಂಬಿಗೆ ಹೊಡೆದ ಹಸಿರು ಪೇಂಟ್ ಇನ್ನೂ ಕೈಗೆ ಮೆತ್ತುತ್ತದೆ. ಕೊನೆಯ ತೊಟ್ಟಿಯಲ್ಲಿ ಹಿಂದಿನ ದಿನವಷ್ಟೇ ಅಂಗಡಿಯಿಂದ ಬಂದ ಬಣ್ಣದ ಮೀನುಗಳು ಗಾಬರಿಯಿಂದ ಈಜುತ್ತಿರುತ್ತವೆ. ಮ್ಯಾನೇಜರ್ ಗಾಜಿನ ಲೋಟದಲ್ಲಿ ನೀರು ಹಿಡಿದು, "ಕುಡಿಯೋಕೂ ಆಗುತ್ತೆ ಸಾರ್" ಅನ್ನುತ್ತಾರೆ. ಅವರೂ ಕುಡಿಯುವುದಿಲ್ಲ, ಸಾರ್ ಕೂಡ ಕುಡಿಯುವುದಿಲ್ಲ. ಕಾಫಿ ಬರುತ್ತದೆ.

ಹೊಳೆಗೆ ಬಿಡುವ ನೀರಿನಲ್ಲಿ ಬಿಒಡಿ (ಕೊಳೆ ಕರಗಿಸಲು ಸೂಕ್ಷ್ಮಜೀವಿಗಳು ಹೀರುವ ಆಮ್ಲಜನಕದ ಲೆಕ್ಕ, ಹೆಚ್ಚಿದಷ್ಟೂ ಕೊಳೆ ಹೆಚ್ಚು) ಲೀಟರಿಗೆ 30 ಮಿಲಿಗ್ರಾಂ ದಾಟಬಾರದು ಅಂತ ನಿಯಮ. ವರದಿಯಲ್ಲಿ 28 ಇರುತ್ತದೆ. ಹೋದ ತಿಂಗಳೂ 28, ಮುಂದಿನ ತಿಂಗಳೂ 28. ಇಷ್ಟು ಶಿಸ್ತು ನಮ್ಮ ಬಸ್ಸಿನ ಟೈಮಿಗೆ ಬಂದಿದ್ದರೆ! ಇಟಿಪಿಯ ಕರೆಂಟ್ ಮೀಟರ್ ಒಂದು ಮಾತ್ರ ಇನ್ನೂ ಸುಳ್ಳು ಕಲಿತಿಲ್ಲ. ಯಂತ್ರ ತಿರುಗದಿದ್ದರೆ ಅದೂ ತಿರುಗುವುದಿಲ್ಲ. ಅದಕ್ಕೇ ಅದರ ಮುಂದೆ ಯಾವಾಗಲೂ ನಾಲ್ಕು ಖಾಲಿ ಡ್ರಮ್ ನಿಂತಿರುತ್ತವೆ.

ಅಸಲಿ ಕೆಲಸ ಮಳೆಗಾಲದಲ್ಲಿ. ಕೊಳೆ ನೀರಿನ ತೊಟ್ಟಿ ತುಂಬಿದೆ, ಟ್ಯಾಂಕರ್ ಕರೆಸಿ ಕಳಿಸೋಣ ಅಂದರೆ ಖರ್ಚು ಜಾಸ್ತಿ. ಅಷ್ಟರಲ್ಲಿ ಸಂಜೆ ಮೋಡ ಕಟ್ಟುತ್ತದೆ. ಹವಾಮಾನ ಇಲಾಖೆ ಯೆಲ್ಲೋ ಅಲರ್ಟ್ ಕೊಟ್ಟ ಕೂಡಲೇ ಶಾಲೆಯವರು ರಜೆಯ ಮಾತಾಡುತ್ತಾರೆ, ಸೂಪರ್‌ವೈಸರ್ ವಾಲ್ವ್ ತಿರುಗಿಸುವ ಸ್ಪ್ಯಾನರ್ ಹುಡುಕುತ್ತಾರೆ. ಅಂಗಳದಲ್ಲಿ ಬಾಯಿ ತೆರೆದು ನಿಂತ ಕೆಮಿಕಲ್ ಡ್ರಮ್ಮು, ಎಣ್ಣೆ ಮೆತ್ತಿದ ಕಬ್ಬಿಣದ ಚೂರು, ಇವಕ್ಕೆ ವಾಲ್ವೂ ಬೇಕಿಲ್ಲ. ಮೊದಲ ಹತ್ತು ನಿಮಿಷದ ಮಳೆಯೇ ಎಲ್ಲವನ್ನೂ ತೊಳೆದು ರಾಜಕಾಲುವೆಗೆ ಸೇರಿಸುತ್ತದೆ. ಮೇಲೊಂದು ಶೀಟ್ ಹಾಕಿ, ಸುತ್ತ ಗೇಣುದ್ದ ಕಟ್ಟೆ ಕಟ್ಟಿ, ಮೊದಲ ಮಳೆಯ ನೀರನ್ನು ಬೇರೆ ತೊಟ್ಟಿಗೆ ಹಿಡಿಯಿರಿ ಅಂದರೆ ಉತ್ತರ ರೆಡಿ: "ಮಳೆ ನಮ್ಮ ಕೈಯಲ್ಲಿದೆಯಾ ಸಾರ್?"

ತೋಟದವರು ಹಿಂದೆ ಬಿದ್ದಿದ್ದಾರೆ ಅಂದುಕೊಳ್ಳಬೇಡಿ. ಕೊಡಗು, ಚಿಕ್ಕಮಗಳೂರಿನಲ್ಲಿ ಡಿಸೆಂಬರ್ ಹೊತ್ತಿಗೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಜೋರು. ಹಣ್ಣಿನ ಲೋಳೆ ತೊಳೆದ ನೀರು ಹುಳಿ ಬಂದು ಹಳ್ಳಕ್ಕಿಳಿದರೆ ಮೀನಿಗೆ ಉಸಿರಾಡಲು ಏನೂ ಉಳಿಯುವುದಿಲ್ಲ. ಪಾಪ, ಆಗ ಮಳೆಯ ನೆಪವೂ ಇಲ್ಲ. ಹಾಗಾಗಿ ಕೆಲವರು ಕತ್ತಲನ್ನೇ ನಂಬಿದ್ದಾರೆ.

ಸರ್ಕಾರ ಸುಮ್ನೆ ಕೂತಿದೆ ಅನ್ನುವುದು ಅನ್ಯಾಯ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಪಕ್ಕದಲ್ಲಿ ಜಾಲರಿ ಕಟ್ಟಿಸಲಿಲ್ಲವೇ? 2018ರ ಜನವರಿಯಲ್ಲಿ ಅದೇ ಕೆರೆಯಂಗಳಕ್ಕೆ ಬೆಂಕಿ ಬಿದ್ದಾಗ ಆರಿಸಲು ಸೈನಿಕರೇ ಬಂದರು. ಶತ್ರು ಸೇನೆಗೂ ಹೊಳೆಯದ ಐಡಿಯಾ ಇದು, ನೀರಿಗೇ ಬೆಂಕಿ ಹಚ್ಚುವುದು. ದೆಹಲಿಯವರು 2021ರ ಛಠ್ ಹಬ್ಬದಲ್ಲಿ ಯಮುನೆಯ ನೊರೆ ಇಳಿಸಲು ನದಿಗೇ ನೀರು ಚಿಮುಕಿಸಿದರು, ಬಿದಿರಿನ ಬೇಲಿ ಹಾಕಿದರು. ನಮ್ಮವರು ಇನ್ನೂ ಒಂದು ಹೆಜ್ಜೆ ಮುಂದೆ. ಬಿಡದಿ ಬಳಿಯ ಬೈರಮಂಗಲ ಕೆರೆಗೆ ಕೊಳೆ ನೀರು ಬರುತ್ತದೆ ಅಂದಿದ್ದಕ್ಕೆ, ಕೆರೆ ಪಕ್ಕದಲ್ಲೇ ಕಾಲುವೆ ತೋಡಿ ಆ ನೀರನ್ನು ಮುಂದಿನ ಊರಿಗೆ ದಾಟಿಸುವ ಯೋಜನೆ ತಂದರು.

ಕಾನೂನೂ ಮೆತ್ತಗಾಗುತ್ತಿದೆ. 1974ರ ಜಲ ಮಾಲಿನ್ಯ ಕಾಯ್ದೆಯ ಪ್ರಕಾರ ಹೊಳೆಗೆ ವಿಷ ಬಿಟ್ಟರೆ ಒಂದೂವರೆ ವರ್ಷದಿಂದ ಆರು ವರ್ಷ ಜೈಲು. 2024ರಲ್ಲಿ ಸಂಸತ್ತು ಅದನ್ನು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಮಾಡಿತು, ಒಪ್ಪಿದ ರಾಜ್ಯಗಳಿಗೆ ಅನ್ವಯ. ಈಗ ಯಾವ ಅಕೌಂಟೆಂಟ್ ಆದರೂ ಎರಡು ನಿಮಿಷದಲ್ಲಿ ಲೆಕ್ಕ ಹಾಕಬಹುದು: ಇಟಿಪಿ ಓಡಿಸುವುದು ಲಾಭವೋ, ದಂಡ ಕಟ್ಟುವುದು ಲಾಭವೋ. ಮುಂದಿನ ತಿದ್ದುಪಡಿಯಲ್ಲಿ ತಿಂಗಳ ಪಾಸ್ ಕೊಟ್ಟರೆ ಇನ್ನೂ ಅನುಕೂಲ.

ಕಾವೇರಿಯನ್ನು ಸುಮಾರು 100 ಕಿಲೋಮೀಟರ್ ದೂರದಿಂದ ಪಂಪ್ ಮಾಡಿ ಬೆಂಗಳೂರಿಗೆ ತರುತ್ತೇವೆ. ಬಳಸಿ ವೃಷಭಾವತಿಗೆ ಬಿಡುತ್ತೇವೆ. ಅದು ಅರ್ಕಾವತಿ ಸೇರಿ, ಕನಕಪುರ ದಾಟಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬೀಳುತ್ತದೆ. ಅಲ್ಲಿಂದ ಸೀದಾ ತಮಿಳುನಾಡಿಗೆ. "ಇದು ನಮ್ಮ ನೀರು, ಒಂದು ಹನಿಯೂ ಬಿಡೋದಿಲ್ಲ" ಅಂತ ಈ ನೀರಿಗಾಗಿ ಇದುವರೆಗೂ ಯಾರೂ ಹೆದ್ದಾರಿ ತಡೆದಿಲ್ಲ.