ಚೆಂಡು ಭಾರ, ಹತ್ತಿ ಹಗುರ

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ, ಹತ್ತಿ ಹೊಲಗಳ ನಡುವೆ, ಕ್ಲೀವ್‌ಲ್ಯಾಂಡ್ ಎಂಬ ಪುಟ್ಟ ಊರಿದೆ. ಅಲ್ಲಿನ ಡೆಲ್ಟಾ ಸ್ಟೇಟ್ ಕಾಲೇಜಿನ ಹಿರಿಯರಿಗೆ 1932ರಲ್ಲಿ ಜ್ಞಾನೋದಯವಾಯಿತು. ಬ್ಯಾಸ್ಕೆಟ್‌ಬಾಲ್ ಎಂಬುದು ತರುಣಿಯರಿಗೆ ಅತಿ ಶ್ರಮದಾಯಕ. ಆದ್ದರಿಂದ ಹುಡುಗಿಯರ ತಂಡ ರದ್ದು. ಹುಡುಗಿಯರು ಅತ್ತರು. ಅತ್ತು ಸುಮ್ಮನಾಗದೆ ತಮ್ಮ ಸಮವಸ್ತ್ರಗಳನ್ನು ರಾಶಿ ಹಾಕಿ ಬೆಂಕಿಯಿಟ್ಟರು. ಬೆಂಕಿಯಿಡುವುದು ಶ್ರಮದ ಕೆಲಸವಲ್ಲವಾದ್ದರಿಂದ ಯಾರೂ ತಡೆದಂತಿಲ್ಲ.

ಚೆಂಡಿನ ತೂಕ ಅರ್ಧ ಕೆಜಿ ಚಿಲ್ಲರೆ. ಅದೇ ಕಾಲದಲ್ಲಿ ಕಾಲೇಜಿನ ಸುತ್ತಲಿನ ಹೊಲಗಳಲ್ಲಿ ಕಪ್ಪು ಹೆಂಗಸರು ತಮ್ಮ ಆಳುದ್ದಕ್ಕಿಂತ ಉದ್ದದ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಬೆನ್ನು ಬಗ್ಗಿಸಿ, ಬೆಳಗಿನಿಂದ ಸಂಜೆಯವರೆಗೆ ಹತ್ತಿ ಬಿಡಿಸುತ್ತಿದ್ದರು. ಅದು ಶ್ರಮವಲ್ಲ, ಬೇಸಾಯ. ಅವರ ಹೆಣ್ಣುಮಕ್ಕಳಿಗೆ ಆಗ ಆ ಕಾಲೇಜಿನ ಬಾಗಿಲೇ ತೆರೆದಿರಲಿಲ್ಲ. ಆಟದ ಶ್ರಮದಿಂದ ಪೂರ್ಣ ರಕ್ಷಣೆ ಪಡೆದವರು ಅವರೇ ಎನ್ನಬೇಕು.

ಕಾಲೇಜನ್ನೊಂದೇ ದೂರಿ ಪ್ರಯೋಜನವಿಲ್ಲ. 1873ರಲ್ಲೇ ಹಾರ್ವರ್ಡ್‌ನ ವೈದ್ಯ ಎಡ್ವರ್ಡ್ ಕ್ಲಾರ್ಕ್, ಹುಡುಗಿಯರು ಹುಡುಗರಷ್ಟು ಓದಿದರೆ ಶಕ್ತಿಯೆಲ್ಲ ಮಿದುಳಿಗೆ ಹರಿದು ಗರ್ಭಕೋಶ ಸೊರಗುತ್ತದೆ ಎಂದು ಸಾರಿದ್ದರು. ಓದಿದರೇ ಈ ಗತಿಯಾದರೆ ಓಡಿದರೆ ಏನಾದೀತು? ಹಾಗೆಂದು ಹೆದರಿದವರನ್ನು ಸಮಾಧಾನಪಡಿಸುತ್ತಲೇ 1890ರ ದಶಕದಲ್ಲಿ ಸ್ಮಿತ್ ಕಾಲೇಜಿನ ಶಿಕ್ಷಕಿ ಸೆಂಡಾ ಬೆರೆನ್ಸನ್ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸಿದರು. ಪಾಪ, ಅವರು ಮಾಡಿಕೊಂಡ ಒಪ್ಪಂದ ನೋಡಿ: ಅಂಕಣವನ್ನು ಮೂರು ಭಾಗ ಮಾಡಿ ಗೆರೆ ಎಳೆದರು. ಯಾರೂ ತಮ್ಮ ಭಾಗದ ಗೆರೆ ದಾಟಕೂಡದು. ಚೆಂಡನ್ನು ಮೂರು ಬಾರಿಗಿಂತ ಹೆಚ್ಚು ಪುಟಿಸಕೂಡದು. ಎದುರಾಳಿಯ ಕೈಯಿಂದ ಕಸಿಯಕೂಡದು. ನಮ್ಮ ಕುಂಟೆಬಿಲ್ಲೆಗೆ ಲಕ್ಷ್ಮಣರೇಖೆಯನ್ನು ಸೇರಿಸಿದರೆ ಇದೇ ಆಟವಾದೀತು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ನಮ್ಮದು; ಇಲ್ಲಿ ಕುಣಿಯಬಲ್ಲವಳಿಗೆ ನೆಲವನ್ನೇ ಡೊಂಕು ಮಾಡಿ ಕೊಡಬೇಕಾಯಿತು.

ಅಷ್ಟಾದರೂ ಒಂದು ಆತಂಕ ಉಳಿದಿತ್ತು: ಆಟವಾಡಿದರೆ ಯಾರಾದರೂ ಗೆದ್ದುಬಿಟ್ಟರೆ? ಇದಕ್ಕೆ 1920ರ ದಶಕದಲ್ಲಿ ‘ಪ್ಲೇ ಡೇ’ ಎಂಬ ಪರಿಹಾರ ಸಿಕ್ಕಿತು. ನಾಲ್ಕಾರು ಕಾಲೇಜಿನ ಹುಡುಗಿಯರನ್ನು ಒಂದೆಡೆ ಸೇರಿಸಿ, ಎಲ್ಲರನ್ನೂ ಮಿಶ್ರಮಾಡಿ, ಬಣ್ಣದ ಹೆಸರಿನ ತಂಡಗಳನ್ನು ಕಟ್ಟುವುದು. ಹಸಿರು ತಂಡ ಗೆದ್ದರೆ ಯಾವ ಕಾಲೇಜು ಗೆದ್ದಂತೆ? ಯಾವುದೂ ಇಲ್ಲ. ಕೊನೆಗೆ ಎಲ್ಲರಿಗೂ ಹಣ್ಣಿನ ಪಾನಕ, ಬಿಸ್ಕತ್ತು. ಇದೂ ಅತಿಯಾಯಿತು ಎನ್ನುವವರಿಗೆ ತಂತಿ ಪಂದ್ಯಗಳಿದ್ದವು: ಹುಡುಗಿಯರು ತಮ್ಮ ತಮ್ಮ ಕಾಲೇಜಿನಲ್ಲೇ ಬಾಣ ಬಿಡುವುದು, ಈಜುವುದು, ಅಂಕಗಳನ್ನು ಟೆಲಿಗ್ರಾಂ ಮೂಲಕ ಕಳಿಸುವುದು. ಎದುರಾಳಿಯ ಮುಖ ನೋಡುವ ಪ್ರಸಂಗವೇ ಇಲ್ಲ. ನಮ್ಮ ಕಡೆ ಮನೆಗೆ ತಂತಿ ಬಂತೆಂದರೆ ಒಡೆಯುವ ಮೊದಲೇ ಅಳು ಶುರುವಾಗುತ್ತಿತ್ತು; ಅಲ್ಲಿ ‘ಸೋತಿರಿ’ ಎಂಬ ಸುದ್ದಿಯೂ ಹಾಗೇ ಬರುತ್ತಿತ್ತು.

ಮತ್ತೆ ಕ್ಲೀವ್‌ಲ್ಯಾಂಡಿಗೆ ಬರೋಣ. ಸಮವಸ್ತ್ರ ಸುಟ್ಟವರಲ್ಲಿ ಮಾರ್ಗರೆಟ್ ವೇಡ್ ಎಂಬ ಆಟಗಾರ್ತಿಯೂ ಇದ್ದರು. ಮುಂದೆ ಅವರು ಅದೇ ಊರಿನ ಹೈಸ್ಕೂಲಿನಲ್ಲಿ 19 ವರ್ಷ ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ತರಬೇತಿ ಕೊಟ್ಟು 453 ಪಂದ್ಯಗಳನ್ನು ಗೆಲ್ಲಿಸಿದರು. ಹದಿನಾರರ ಹುಡುಗಿಗೆ ತಾಗದ ಶ್ರಮ ಹದಿನೆಂಟಕ್ಕೆ ಕಾಲೇಜಿನ ಗೇಟು ದಾಟಿದ ಕ್ಷಣದಿಂದ ತಾಗುತ್ತಿತ್ತೆಂದು ಕಾಣುತ್ತದೆ. 1959ರಲ್ಲಿ ವೇಡ್ ಡೆಲ್ಟಾ ಸ್ಟೇಟಿಗೆ ಮರಳಿದರು, ಮಹಿಳಾ ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥೆಯಾಗಿ. ವಿಭಾಗವಿತ್ತು, ಮುಖ್ಯಸ್ಥೆ ಇದ್ದರು, ಹುಡುಗಿಯರೂ ಇದ್ದರು. ತಂಡ ಮಾತ್ರ ಇರಲಿಲ್ಲ. ಮದುವೆಮನೆಯಲ್ಲಿ ವಾಲಗ, ಚಪ್ಪರ, ಬೀಗರು ಎಲ್ಲ ಇದ್ದು ಎಲೆ ಹಾಕುವುದನ್ನೇ ಮರೆತ ಹಾಗೆ.

1972ರಲ್ಲಿ ‘ಟೈಟಲ್ ನೈನ್’ ಕಾನೂನು ಬಂತು. ಸರ್ಕಾರದ ಹಣ ಪಡೆಯುವ ಶಿಕ್ಷಣ ಸಂಸ್ಥೆಗಳಲ್ಲಿ ಲಿಂಗಭೇದ ಸಲ್ಲದು ಎನ್ನುವ ಅದರ ಮುಖ್ಯ ವಾಕ್ಯ ಇಂಗ್ಲಿಷಿನಲ್ಲಿ 37 ಪದ. ಅದರಲ್ಲಿ ‘ಕ್ರೀಡೆ’ ಎಂಬ ಪದವೇ ಇಲ್ಲ. ಆದರೂ ಎಲ್ಲರಿಗಿಂತ ಮೊದಲು ನಡುಗಿದ್ದು ಹುಡುಗರ ಅಮೆರಿಕನ್ ಫುಟ್‌ಬಾಲ್. 1974ರಲ್ಲಿ ಟೆಕ್ಸಾಸ್‌ನ ಸೆನೆಟರ್ ಜಾನ್ ಟವರ್, ಹಣ ತರುವ ಆಟಗಳನ್ನು ಈ ಕಾನೂನಿನಿಂದ ಹೊರಗಿಡಿ ಎಂದು ತಿದ್ದುಪಡಿ ತಂದರು. ಸೆನೆಟ್ ಒಪ್ಪಿದರೂ ಅದು ಕೊನೆಗೆ ಕಾನೂನಾಗಲಿಲ್ಲ.

ಹಣ ತರುವ ಮಾತು ಬಂದಿತಲ್ಲ, ಪೆನ್ಸಿಲ್ವೇನಿಯಾದಲ್ಲಿ ಇಮ್ಯಾಕ್ಯುಲೇಟಾ ಎಂಬ ಸಣ್ಣ ಕ್ಯಾಥೊಲಿಕ್ ಮಹಿಳಾ ಕಾಲೇಜಿತ್ತು. 1972ರ ರಾಷ್ಟ್ರೀಯ ಪಂದ್ಯಾವಳಿಗೆ ಹೋಗಲು ಹಣವಿಲ್ಲದೆ ಹುಡುಗಿಯರು ಹಲ್ಲುಜ್ಜುವ ಬ್ರಷ್ ಮಾರಿದರು. ಮಾರಿದ ಬ್ರಷ್ಷಿಗೆ ದಕ್ಕಿದ್ದು ಎಂಟು ಜನರ ವಿಮಾನ ಪ್ರಯಾಣ, ಅದೂ ಸೀಟು ಖಾಲಿಯಿದ್ದರೆ ಮಾತ್ರ. ಮೈಮೇಲೆ ಉಣ್ಣೆಯ ನಿಲುವಂಗಿ. ಊರಿನ ಪಂದ್ಯಗಳಲ್ಲಿ ಪ್ರೋತ್ಸಾಹಕ್ಕೆ ಸನ್ಯಾಸಿನಿಯರು ಬಕೆಟ್ ಬಡಿಯುತ್ತಿದ್ದರು. ಕೋಚ್ ಕ್ಯಾಥಿ ರಶ್ ಅವರ ಸಂಬಳ ವರ್ಷಕ್ಕೆ 450 ಡಾಲರ್. ಇಷ್ಟೆಲ್ಲ ಅನುಕೂಲಗಳೊಂದಿಗೆ ಅವರು ವೆಸ್ಟ್ ಚೆಸ್ಟರ್ ತಂಡವನ್ನು 52-48ರಿಂದ ಸೋಲಿಸಿ ಚಾಂಪಿಯನ್ನರಾದರು. ಮುಂದಿನ ಎರಡು ವರ್ಷವೂ ಗೆದ್ದರು.

ಅವರನ್ನು ಇಳಿಸಿದ್ದು ಯಾರು ಗೊತ್ತೇ? ಡೆಲ್ಟಾ ಸ್ಟೇಟ್. 41 ವರ್ಷಗಳ ಮೇಲೆ, 1973ರಲ್ಲಿ, ಕಾಲೇಜು ತಂಡವನ್ನು ಮತ್ತೆ ಕಟ್ಟಿ, ವೇಡ್ ಅವರನ್ನೇ ಕೋಚ್ ಆಗಿರಿ ಎಂದಿತು. ಇಪ್ಪತ್ತರ ಆಸುಪಾಸಿನಲ್ಲಿ ಶ್ರಮವಾಗುತ್ತಿದ್ದ ಹೆಣ್ಣಿಗೆ ಅರವತ್ತಕ್ಕೆ ಆಗದೆಂದು ಸಂಸ್ಥೆ ಕಂಡುಕೊಂಡಿತ್ತು. 1974-75ರಲ್ಲಿ ತಂಡ ಆಡಿದ್ದು 28 ಪಂದ್ಯ, ಗೆದ್ದದ್ದು 28. ಫೈನಲ್‌ನಲ್ಲಿ ಇಮ್ಯಾಕ್ಯುಲೇಟಾ ವಿರುದ್ಧ 90-81. ಮುಂಚೂಣಿಯಲ್ಲಿದ್ದವರು ಆರಡಿ ಮೂರಂಗುಲದ ಲೂಸಿಯಾ ಹ್ಯಾರಿಸ್, ಅದೇ ಡೆಲ್ಟಾ ಸೀಮೆಯ ರೈತರ ಮಗಳು, ತಂಡದ ಏಕೈಕ ಕಪ್ಪು ಆಟಗಾರ್ತಿ. ಮರುವರ್ಷ ಒಲಿಂಪಿಕ್ಸ್ ಮಹಿಳಾ ಬ್ಯಾಸ್ಕೆಟ್‌ಬಾಲ್‌ನ ಮೊಟ್ಟಮೊದಲ ಅಂಕ ಗಳಿಸಿದವರೂ ಇವರೇ. 1976, 1977ರಲ್ಲೂ ಡೆಲ್ಟಾ ಸ್ಟೇಟ್ ಚಾಂಪಿಯನ್. ಯಾರ ಗರ್ಭಕೋಶವೂ ಅಂಕಣದಲ್ಲಿ ಬಿದ್ದ ವರದಿಯಿಲ್ಲ.

1985ರಲ್ಲಿ ಬ್ಯಾಸ್ಕೆಟ್‌ಬಾಲ್‌ನ ಹಾಲ್ ಆಫ್ ಫೇಮ್ ಎಂಬ ಸಾಧಕರ ಗೌರವ ಮಂದಿರ ಮೊದಲ ಬಾರಿಗೆ ಮಹಿಳೆಯರನ್ನು ಸೇರಿಸಿಕೊಂಡಿತು. ವೇಡ್ ಒಬ್ಬರು, ಅಂಕಣಕ್ಕೆ ಗೆರೆ ಎಳೆದ ಬೆರೆನ್ಸನ್ ಇನ್ನೊಬ್ಬರು. ಬೆರೆನ್ಸನ್ ತೀರಿಕೊಂಡು ಆಗ 31 ವರ್ಷವಾಗಿತ್ತು. ಗೌರವ ಸ್ವೀಕರಿಸುವ ಶ್ರಮದಿಂದಲೂ ಪಾರಾದರು.

ಡೆಲ್ಟಾ ಸ್ಟೇಟ್ ತಂಡದ ಹೆಸರು ಹೇಳುವುದೇ ಮರೆತೆ. ಕಾಲೇಜಿನ ಹುಡುಗರ ತಂಡ ‘ಸ್ಟೇಟ್ಸ್‌ಮೆನ್’. ಹುಡುಗಿಯರದು ‘ಲೇಡಿ ಸ್ಟೇಟ್ಸ್‌ಮೆನ್’, ಅಂದರೆ ಮಹಿಳಾ ಮುತ್ಸದ್ದಿ ಗಂಡಸರು. ‘ರಾಷ್ಟ್ರಪತಿ’ ಸ್ತ್ರೀಯಾದಾಗ ಏನೆಂದು ಕರೆಯಬೇಕೆಂದು ತಲೆ ಕೆರೆದುಕೊಂಡ ನಾವು ಇದಕ್ಕೆ ನಗುವ ಹಾಗಿಲ್ಲ. ಕಾಲೇಜಿಗೆ ವಿದ್ಯಾರ್ಥಿಗಳೇ ಪ್ರೀತಿಯಿಂದ ಇಟ್ಟುಕೊಂಡ ಮತ್ತೊಂದು ಲಾಂಛನವೂ ಇದೆ: ‘ಫೈಟಿಂಗ್ ಓಕ್ರಾ’. ಹೌದು, ಬೆಂಡೆಕಾಯಿ. ಹುಬ್ಬು ಗಂಟಿಕ್ಕಿ, ಮುಷ್ಟಿ ಬಿಗಿದು ಕಾದಾಟಕ್ಕೆ ನಿಂತ ಹಸಿರು ಬೆಂಡೆಕಾಯಿ. ಮುಟ್ಟಿದರೆ ಲಟಕ್ಕೆಂದು ಮುರಿಯುವ ಆ ಎಳೆ ಜೀವಕ್ಕೆ ಇದು ಅತಿ ಶ್ರಮದಾಯಕ ಎಂದು ಯಾವ ಹಿರಿಯರಿಗೂ ಇದುವರೆಗೆ ಜ್ಞಾನೋದಯವಾಗಿಲ್ಲ.