ಅಣ್ಣ ಮಡಿಸಿಟ್ಟ ಏಳನೇ ಪುಟ

ಇಲ್ಲಿ, ಅಮೆರಿಕದಲ್ಲಿ, ಹೋದ ವರ್ಷದ ತಪಾಸಣೆಯಲ್ಲಿ ಡಾಕ್ಟರು ಬಿಪಿ ನೋಡಿದರು, ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟು ಜೋರಾಗಿ ಉಸಿರೆಳೆದುಕೊಳ್ಳಿ ಎಂದರು, ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ ಎಂದು ಕೇಳಿದರು. ಆಮೇಲೆ ಅದೇ ಧ್ವನಿಯಲ್ಲಿ, ಕಂಪ್ಯೂಟರಿನಿಂದ ಕಣ್ಣು ತೆಗೆದು ನನ್ನತ್ತ ತಿರುಗಿ, ಬೆಳಿಗ್ಗೆ ಏಳುವಾಗ ನಿಮಿರುವಿಕೆ ಮೊದಲಿನ ಹಾಗೆ ಇದೆಯೇ, ಲೈಂಗಿಕ ಆಸಕ್ತಿ ಕಡಿಮೆಯಾಗಿದೆ ಅನ್ನಿಸುತ್ತದೆಯೇ ಎಂದರು. ಆಕೆಗೆ ನನ್ನ ಮಗಳಿಗಿಂತ ನಾಲ್ಕೈದು ವರ್ಷ ಹೆಚ್ಚಿರಬಹುದು, ಅಷ್ಟೆ. ನನಗೆ 57. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ನನ್ನನ್ನು ಯಾರೂ ಕೇಳಿರಲಿಲ್ಲ.

ಒಂದು ಕ್ಷಣ ತಡೆದೆ, ಆಮೇಲೆ ಇಂಗ್ಲಿಷಿನಲ್ಲಿ ಸರಾಗವಾಗಿ ಉತ್ತರ ಬಂತು. ಸ್ವಲ್ಪ ವ್ಯತ್ಯಾಸ ಕಾಣುತ್ತಿದೆ, ಒಂದು ವರ್ಷದಿಂದ, ಎಂದೆ. ಬರೆದುಕೊಂಡರು. ಬೆಳಿಗ್ಗೆ ಎಂಟರ ಸುಮಾರಿಗೆ, ಖಾಲಿ ಹೊಟ್ಟೆಯಲ್ಲಿ ಬಂದು ರಕ್ತ ಕೊಡಿ, ಟೆಸ್ಟೋಸ್ಟಿರಾನ್ ಎಂಬ ಗಂಡಸರ ಹಾರ್ಮೋನಿನ ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್ ಕೂಡ ನೋಡೋಣ ಎಂದರು. ಕೊಲೆಸ್ಟ್ರಾಲ್ ಯಾಕೆ ಎಂದೆ. ಆ ಭಾಗದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು, ಹಾಗಾಗಿ ಅಲ್ಲಿ ಮೊದಲು ತೊಂದರೆ ಕಾಣಿಸಿಕೊಂಡು ಕೆಲವು ವರ್ಷಗಳ ನಂತರ ಎದೆಯಲ್ಲಿ ಕಾಣಿಸುವುದು ಅಪರೂಪವೇನಲ್ಲ ಎಂದರು. ಎರಡೇ ನಿಮಿಷದ ಮಾತು. ನಾಚಿಕೆಯ ವಿಷಯ ಎಂದು ನಾನು ಅಂದುಕೊಂಡದ್ದನ್ನು ಆಕೆ ಎದೆಯ ವಿಷಯ ಮಾಡಿ ಮುಗಿಸಿದರು.

ಕಾರಿನಲ್ಲಿ ವಾಪಸ್ ಬರುವಾಗ ಅದೇ ಉತ್ತರವನ್ನು ಕನ್ನಡದಲ್ಲಿ ಹೇಳಿ ನೋಡಿದೆ. ಬರಲಿಲ್ಲ. ಒಂದು ಕಡೆ ಪಠ್ಯಪುಸ್ತಕದ ಸಂಸ್ಕೃತ, ಇನ್ನೊಂದು ಕಡೆ ಬೈಗುಳ. ಇವೆರಡರ ನಡುವೆ ಒಬ್ಬ ಗಂಡಸು ಡಾಕ್ಟರ ಮುಂದೆಯೋ, ತನ್ನ ಅಣ್ಣನ ಮುಂದೆಯೋ ಕೂತು ಆಡಬಹುದಾದ ಮಾತು ನನ್ನ ಬಾಯಿಗೆ ಸಿಗಲಿಲ್ಲ. ಇಡೀ ವಿಷಯಕ್ಕೆ ನಾವು ಇಟ್ಟುಕೊಂಡಿರುವ ಹೆಸರು ಯಾವುದು? ಗುಪ್ತರೋಗ. ಹೆಸರಿನಲ್ಲೇ ಬಚ್ಚಿಡು ಎಂಬ ಅಪ್ಪಣೆ ಇದೆ.

ಅಣ್ಣನ ನೆನಪಾದದ್ದು ಆಗ.

ಊರಿನಲ್ಲಿರುವ ಅಣ್ಣನಿಗೆ 64. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಎರಡು ವರ್ಷದಿಂದ ಫೋನಿನಲ್ಲಿ ಒಂದೇ ಮಾತು: "ಸುಸ್ತು ಕಣೋ. ಯಾವುದರಲ್ಲೂ ಮನಸ್ಸಿಲ್ಲ." ಇಡೀ ಮೈ ತಪಾಸಣೆಯ ಪ್ಯಾಕೇಜ್ ಮಾಡಿಸಿಕೊಂಡಿದ್ದ. ರಿಪೋರ್ಟನ್ನು ಪುಟಪುಟವಾಗಿ ಫೋಟೋ ತೆಗೆದು ವಾಟ್ಸಾಪ್‌ನಲ್ಲಿ ನನಗೆ ಕಳಿಸಿದ್ದ. ಮೂರು ತಿಂಗಳ ಹಿಂದೆ ಬಂದ ಆ ಫೋಟೋಗಳನ್ನು ಮತ್ತೆ ತೆರೆದು ನೋಡಿದೆ. ಒಂದರಿಂದ ಆರು ಇವೆ, ಎಂಟು ಇದೆ, ಏಳು ಇಲ್ಲ. ಅತ್ತಿಗೆಗೆ ಫೋನ್ ಮಾಡಿ ಕೇಳಿದೆ. ಹುಡುಕಿ ಒಂದು ಗಂಟೆಯ ಮೇಲೆ ಕಳಿಸಿದರು. ನಾಲ್ಕಾಗಿ ಮಡಿಸಿ, ಬ್ಯಾಂಕಿನ ಕಾಗದಗಳ ಕೆಳಗೆ ಇಟ್ಟಿದ್ದನಂತೆ. ಮಡಿಕೆಯ ಗೆರೆ ಫೋಟೋದಲ್ಲೂ ಕಾಣುತ್ತಿತ್ತು. ಟೆಸ್ಟೋಸ್ಟಿರಾನ್, ಟೋಟಲ್: 248. ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಲೋ'.

"ನಿಮ್ಮಣ್ಣ ಇದನ್ನ ಡಾಕ್ಟರಿಗೂ ತೋರಿಸಿಲ್ಲಪ್ಪ," ಎಂದರು ಅತ್ತಿಗೆ. "ನೀನೇ ಹೇಳು, ನಿನ್ನ ಮಾತಾದ್ರೂ ಕೇಳ್ತಾರೆ."

ಆ ರಾತ್ರಿ ನನಗೆ ಬಂದ ಸಿಟ್ಟು ಅಣ್ಣನ ಮೇಲಿನದಲ್ಲ. ರಕ್ತ ತೆಗೆದವರು ಯಾವ ಹೊತ್ತಿನಲ್ಲಿ ತೆಗೆದರು? ಮಧ್ಯಾಹ್ನ ಮೂರಕ್ಕೆ, ಊಟವಾದ ಮೇಲೆ. ಈ ಹಾರ್ಮೋನು ಬೆಳಗಿನ ಹೊತ್ತು ಏರಿರುತ್ತದೆ, ದಿನ ಏರಿದಂತೆ ಇಳಿಯುತ್ತದೆ. ಊಟ ಮಾಡಿದರೂ ಇಳಿಯುತ್ತದೆ, ಜ್ವರ ಬಂದಿದ್ದರೂ ಇಳಿಯುತ್ತದೆ. ಅದಕ್ಕೇ ಅಮೆರಿಕದ ಯುರಾಲಜಿಸ್ಟ್‌ಗಳ ಸಂಘ 2018ರಲ್ಲಿ ತಂದ ಮಾರ್ಗಸೂಚಿ ಬೆಳಿಗ್ಗೆಯೇ ತೆಗೆದ ರಕ್ತ ಬೇಕು, ಅದೂ ಬೇರೆ ಬೇರೆ ದಿನ ಎರಡು ಸಲ ಬೇಕು ಎನ್ನುತ್ತದೆ. ಎರಡೂ ಸಲ ಡೆಸಿಲೀಟರಿಗೆ 300 ನ್ಯಾನೋಗ್ರಾಮಿಗಿಂತ ಕಡಿಮೆ ಬಂದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎಂದು ಕರೆಯಬೇಕು. ಅಣ್ಣನ ವಿಷಯದಲ್ಲಿ ಹೊತ್ತೂ ತಪ್ಪು, ಎರಡನೇ ಪರೀಕ್ಷೆಯೂ ಇಲ್ಲ, ಲಕ್ಷಣ ಕೇಳಿದವರೂ ಇಲ್ಲ. ದಪ್ಪ ಅಕ್ಷರದ ಒಂದು ಶಬ್ದವನ್ನು ಮಾತ್ರ ಅವನ ಕೈಗೆ ಕೊಟ್ಟು ಕಳಿಸಿದ್ದರು. ಮೂರು ತಿಂಗಳು ಅದನ್ನು ಅವನು ಒಬ್ಬನೇ ಹೊತ್ತುಕೊಂಡು ತಿರುಗಿದ.

ಲಕ್ಷಣ ಕೇಳುವುದು ಔಪಚಾರಿಕತೆ ಎಂದು ಯಾರಿಗಾದರೂ ಅನ್ನಿಸಿದರೆ, ಒಂದು ಅಧ್ಯಯನವನ್ನು ನೆನಪಿಸಬೇಕು. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ ಮೂರು ಸಾವಿರಕ್ಕೂ ಹೆಚ್ಚು ಗಂಡಸರನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟವಾದದ್ದು. ಸುಸ್ತು, ಬೇಸರ, ಶಕ್ತಿ ಕುಂದುವುದು ಇವೆಲ್ಲ ವಯಸ್ಸಾದವರಲ್ಲಿ ನೂರು ಕಾರಣಕ್ಕೆ ಬರುತ್ತವೆ. ಹಾರ್ಮೋನಿನ ಕೊರತೆಯ ಜೊತೆ ಗಟ್ಟಿಯಾಗಿ ಒಟ್ಟುಗೂಡಿ ಕಂಡವು ಮೂರೇ: ಬೆಳಗಿನ ನಿಮಿರುವಿಕೆ ಕಡಿಮೆಯಾಗುವುದು, ನಿಮಿರು ದೌರ್ಬಲ್ಯ, ಲೈಂಗಿಕ ಆಸಕ್ತಿ ಕುಗ್ಗುವುದು. ಅಂದರೆ ನಮ್ಮವರು ಡಾಕ್ಟರ ಮುಂದೆ ಧಾರಾಳವಾಗಿ ಹೇಳಿಕೊಳ್ಳುವ 'ಸುಸ್ತು' ಹೆಚ್ಚೇನೂ ತಿಳಿಸುವುದಿಲ್ಲ, ಬಾಯಿಬಿಡದ ಆ ಮೂರು ಸಂಗತಿಗಳೇ ದಾರಿ ತೋರಿಸುವಂಥವು. ಕೇಳದ ಡಾಕ್ಟರು, ಹೇಳದ ರೋಗಿ. ಇಬ್ಬರೂ ಸಕ್ಕರೆಯ ಅಂಕಿ ನೋಡಿ, ಮಾತ್ರೆ ಬದಲಿಸಿ, ಎದ್ದು ಹೋಗುತ್ತಾರೆ.

ನಮ್ಮ ಕಡೆಯ ಸೌಜನ್ಯವನ್ನು ನಾನು ಕಡೆಗಣಿಸುತ್ತಿಲ್ಲ. ಹಿರಿಯರ ಮುಂದೆ ಎಲ್ಲವನ್ನೂ ಆಡಬಾರದು ಎಂಬ ಸಂಕೋಚದಲ್ಲೇ ನಾನೂ ಬೆಳೆದವನು. ಆದರೆ ಆ ಸಂಕೋಚ ಆಸ್ಪತ್ರೆಯ ಬಾಗಿಲ ಒಳಗೂ ಬಂದು ಕೂತರೆ ಏನಾಗುತ್ತದೆ? ಟೆಸ್ಟೋಸ್ಟಿರಾನ್ ಕಡಿಮೆ ಇದ್ದಾಗ ವೃಷಣಕ್ಕೆ ಅಪ್ಪಣೆ ಕೊಡುವ ಎಲ್‌ಎಚ್ ಎಂಬ ಇನ್ನೊಂದು ಹಾರ್ಮೋನನ್ನು ನೋಡುತ್ತಾರೆ. ಅದು ಏರಿದ್ದರೆ ತೊಂದರೆ ವೃಷಣದಲ್ಲಿ. ಅದೂ ಇಳಿದಿದ್ದರೆ ಅಥವಾ ಏರಬೇಕಾದಲ್ಲಿ ಏರದಿದ್ದರೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಕಡೆ ನೋಡಬೇಕು. ಆಗ ಆ ಗ್ರಂಥಿಯ ಇನ್ನೊಂದು ಹಾರ್ಮೋನಾದ ಪ್ರೊಲ್ಯಾಕ್ಟಿನ್ ಕೂಡ ಅಳೆಯುತ್ತಾರೆ, ಯಾಕೆಂದರೆ ಅದು ತುಂಬ ಏರಿದ್ದರೆ ಅಲ್ಲಿ ಸಣ್ಣ ಗಡ್ಡೆ ಇರಬಹುದು, ಅಂಥ ಗಡ್ಡೆ ಬಹಳ ಸಲ ಮಾತ್ರೆಯಲ್ಲೇ ಕುಗ್ಗುತ್ತದೆ. ಇಂಥದ್ದೊಂದು 'ವಯಸ್ಸಾಯ್ತು ಬಿಡು' ಎಂಬ ಎರಡು ಶಬ್ದದ ಕೆಳಗೆ ವರ್ಷಗಟ್ಟಲೆ ಮುಚ್ಚಿಹೋಗಬಹುದು. ನನಗೆ ತಡೆಯಲಾಗದ್ದು ಇದು.

ಆ ಎರಡು ಶಬ್ದವನ್ನು ಅಣ್ಣನೂ ಹೇಳಿದ. ಏಳನೇ ಪುಟ ಸಿಕ್ಕಿತು ಎಂದಾಗ ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, "ವಯಸ್ಸಾಯ್ತು ಬಿಡೋ. ಈ ವಯಸ್ಸಲ್ಲಿ ಅದೆಲ್ಲಾ ಯಾಕೆ?" ಎಂದ. ಅಣ್ಣ, ಎಪ್ಪತ್ತು ಎಂಬತ್ತರಲ್ಲೂ ಚೆನ್ನಾಗಿರುವವರು ಬೇಕಾದಷ್ಟು ಜನ ಇದ್ದಾರೆ, ಮೂವತ್ತು ನಲವತ್ತರ ನಂತರ ವರ್ಷಕ್ಕೆ ಸುಮಾರು ಶೇಕಡಾ 1ರಷ್ಟು ಮಾತ್ರ ಇಳಿಯುತ್ತೆ, ನಿನಗೆ ಬರೀ ವಯಸ್ಸು ಅಂತ ಯಾರು ಹೇಳಿದ್ರು ಎಂದೆ. "ಯಾರೂ ಹೇಳಲಿಲ್ಲ," ಎಂದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರೂ ಹೇಳಿರಲಿಲ್ಲ, ಅಷ್ಟೆ.

ಹದಿನೈದು ದಿನ ಬೆನ್ನುಬಿದ್ದೆ. ಬೆಳಿಗ್ಗೆ ಎಂಟಕ್ಕೆ, ಖಾಲಿ ಹೊಟ್ಟೆಯಲ್ಲಿ, ಟೋಟಲ್ ಒಂದೇ ಸಾಲದು, ಎಸ್‌ಎಚ್‌ಬಿಜಿ ಎಂಬ ಪ್ರೋಟೀನಿನ ಅಳತೆ ಬೇಕು, ಎಲ್‌ಎಚ್ ಬೇಕು, ಪ್ರೊಲ್ಯಾಕ್ಟಿನ್ ಬೇಕು ಎಂದು ಬರೆದು ಕಳಿಸಿದೆ. ಕೂದಲಿಗೆಂದು ಬಯೋಟಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದ, ಅದು ಕೆಲವು ಹಾರ್ಮೋನು ಪರೀಕ್ಷೆಗಳ ಲೆಕ್ಕ ತಪ್ಪಿಸುತ್ತದೆ, ಅದನ್ನೂ ಬಿಡಿಸಿದೆ. ಅತ್ತಿಗೆ ಜೊತೆಗೆ ಹೋದರು.

ಇಲ್ಲಿಗೆ ನಿಲ್ಲಿಸಿದ್ದರೆ ನನಗೆ ಸಮಾಧಾನವಿರುತ್ತಿತ್ತು. ಆದರೆ ಇಲ್ಲಿನ ಇನ್ನೊಂದು ಮುಖವನ್ನೂ ಬರೆಯದೆ ಇರುವುದು ಸರಿಯಲ್ಲ.

ಅಮೆರಿಕದಲ್ಲಿ ಈ ಮಾತು ಬಾಯಿಗೆ ಬಂದಷ್ಟೇ ಸಲೀಸಾಗಿ ವ್ಯಾಪಾರಕ್ಕೂ ಬಂತು. ಸುಸ್ತೇ, ಹೊಟ್ಟೆ ಬರುತ್ತಿದೆಯೇ, ಊಟವಾದ ಮೇಲೆ ತೂಕಡಿಕೆಯೇ ಎಂದು ಜಾಹೀರಾತುಗಳು ಕೇಳಿದವು. ಅವಕ್ಕೆ ಹೌದು ಎನ್ನದ ನಡುವಯಸ್ಕ ಎಲ್ಲಿದ್ದಾನೆ? 2001ರಿಂದ 2011ರ ನಡುವೆ 40 ದಾಟಿದ ಗಂಡಸರಲ್ಲಿ ಟೆಸ್ಟೋಸ್ಟಿರಾನ್ ತೆಗೆದುಕೊಳ್ಳುವವರ ಪ್ರಮಾಣ ಇಲ್ಲಿ ಮೂರು ಪಟ್ಟಿಗೂ ಹೆಚ್ಚಾಯಿತು. ಅವರಲ್ಲಿ ಸುಮಾರು ಕಾಲು ಭಾಗದ ಜನ ಅದಕ್ಕೆ ಮುಂಚಿನ ಒಂದು ವರ್ಷದಲ್ಲಿ ರಕ್ತಪರೀಕ್ಷೆಯನ್ನೇ ಮಾಡಿಸಿದ ದಾಖಲೆ ಇರಲಿಲ್ಲ. ಕೊನೆಗೆ 2015ರಲ್ಲಿ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ, ಬರೀ ವಯಸ್ಸಿನಿಂದ ಇಳಿದ ಮಟ್ಟಕ್ಕೆ ಈ ಔಷಧಿ ಒಪ್ಪಿತವಲ್ಲ ಎಂದು ಲೇಬಲ್ಲಿನ ಮೇಲೆ ಬರೆಸಬೇಕಾಯಿತು.

ಆಸೆ ಹಳೆಯದೇ. 1889ರಲ್ಲಿ ಪ್ಯಾರಿಸಿನಲ್ಲಿ ಬ್ರೌನ್ ಸೆಕಾರ್ ಎಂಬ ದೊಡ್ಡ ಶರೀರವಿಜ್ಞಾನಿ, ತನ್ನ 72ನೇ ವಯಸ್ಸಿನಲ್ಲಿ, ನಾಯಿ ಮತ್ತು ಗಿನಿಯಿಲಿಗಳ ವೃಷಣದ ರಸವನ್ನು ತಾನೇ ಚುಚ್ಚಿಕೊಂಡು ಯೌವನ ಮರಳಿತು ಎಂದು ಸಾರಿದ್ದ. ನೀರಿನಲ್ಲಿ ತೆಗೆದ ಆ ರಸದಲ್ಲಿ ಹಾರ್ಮೋನು ಇದ್ದದ್ದು ತೀರಾ ಅತ್ಯಲ್ಪ. ಅವನಿಗೆ ಬಂದ ಹುರುಪು ಅವನ ನಂಬಿಕೆಯದು.

ನನ್ನ ಆಫೀಸಿನ ಗೆಳೆಯನೊಬ್ಬ, 52 ವರ್ಷ, ಒಂದು ಕ್ಲಿನಿಕ್ಕಿಗೆ ಹೋದ. ಸಂಜೆ ಹೊತ್ತಿನ ಒಂದೇ ರಕ್ತಪರೀಕ್ಷೆ, ಮರುವಾರದಿಂದಲೇ ಇಂಜೆಕ್ಷನ್. ಆರು ತಿಂಗಳು ಬಹಳ ಖುಷಿಯಾಗಿದ್ದ. ಆಮೇಲೆ ಅವನ ಹೆಮಾಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇಕಡಾ 56ಕ್ಕೆ ಏರಿತು, ಅಂದರೆ ರಕ್ತ ಮಂದವಾಯಿತು. 54 ದಾಟಿದರೆ ನಿಲ್ಲಿಸಬೇಕೆಂಬುದು ಗೊತ್ತಿದ್ದ ನಿಯಮ. ಅಷ್ಟು ದಿನ ಅದನ್ನು ಅಳೆದವರೇ ಇರಲಿಲ್ಲ. ನಿಲ್ಲಿಸಿದಾಗ ಇನ್ನೊಂದು ಕಷ್ಟ: ಹೊರಗಿಂದ ಹಾರ್ಮೋನು ಬರುತ್ತಿದ್ದಾಗ ಮೈ ತನ್ನದನ್ನು ತಯಾರಿಸುವುದನ್ನೇ ಬಿಟ್ಟಿತ್ತು, ಅದು ಮತ್ತೆ ಶುರುವಾಗಲು ತಿಂಗಳುಗಳು ಹಿಡಿದವು. ವೀರ್ಯಾಣುಗಳೂ ಹೀಗೇ ಇಳಿಯುತ್ತವೆ, ಮಕ್ಕಳಾಗಬೇಕೆಂದಿರುವವರು ಇದರ ಹತ್ತಿರ ಹೋಗಬಾರದು ಎಂಬುದನ್ನೂ ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಕಷ್ಟ ಕೇಳುವಾಗ ಅಣ್ಣನ 'ಯಾರೂ ಹೇಳಲಿಲ್ಲ' ನೆನಪಾಯಿತು. ಮೌನದಲ್ಲೂ ಯಾರೂ ಹೇಳುವುದಿಲ್ಲ, ಗದ್ದಲದಲ್ಲೂ ಹೇಳುವುದಿಲ್ಲ.

ನಿಜವಾದ ಕೊರತೆ ಇದ್ದವರಿಗೆ ಈ ಚಿಕಿತ್ಸೆಯಿಂದ ಪ್ರಯೋಜನವಿದೆ. 65 ದಾಟಿದ 790 ಗಂಡಸರ ಮೇಲೆ ನಡೆದು 2016ರಲ್ಲಿ ಬಂದ ಪ್ರಯೋಗದಲ್ಲಿ ಲೈಂಗಿಕ ಆಸಕ್ತಿ ಒಂದು ಮಟ್ಟಕ್ಕೆ ಸುಧಾರಿಸಿತು. ಜಾಹೀರಾತು ಮಾರುವ ಆ ಚೈತನ್ಯದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. 2023ರಲ್ಲಿ ಐದು ಸಾವಿರಕ್ಕೂ ಹೆಚ್ಚು ಜನರ ದೊಡ್ಡ ಪ್ರಯೋಗ ಹೃದಯಾಘಾತ, ಪಾರ್ಶ್ವವಾಯುಗಳ ಭಯವನ್ನು ಬಹುಮಟ್ಟಿಗೆ ಕಡಿಮೆ ಮಾಡಿತು, ಆದರೆ ಹೃದಯದ ಲಯ ತಪ್ಪುವುದು, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು ಸ್ವಲ್ಪ ಹೆಚ್ಚೇ ಕಂಡವು.

ಅಣ್ಣನ ಬೆಳಗಿನ ರಿಪೋರ್ಟು ಬಂತು. ಟೋಟಲ್ 321. ಎಸ್‌ಎಚ್‌ಬಿಜಿ ಕಡಿಮೆ. ಇದು ರಕ್ತದಲ್ಲಿ ಟೆಸ್ಟೋಸ್ಟಿರಾನನ್ನು ಹೊತ್ತು ತಿರುಗುವ ಪ್ರೋಟೀನು. ತೂಕ ಹೆಚ್ಚಿದವರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಇದು ಇಳಿಯುತ್ತದೆ, ಆಗ ಟೋಟಲ್ ಅಂಕಿಯೂ ಇಳಿದಂತೆ ಕಾಣುತ್ತದೆ. ಬಿಡಿಯಾಗಿ ಲಭ್ಯವಿರುವ ಅಂಶ ಲೆಕ್ಕ ಹಾಕಿದರೆ ಸರಿಯಾಗಿಯೇ ಇತ್ತು. ಎಲ್‌ಎಚ್, ಪ್ರೊಲ್ಯಾಕ್ಟಿನ್ ಎರಡೂ ಸರಿ.

ಇದನ್ನು ನೋಡಿದವರು ಅಣ್ಣನ ಊರಿನವರೇ ಆದ ಒಬ್ಬ ಹಿರಿಯ ಡಾಕ್ಟರು. ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು, ಆದರೆ ಅವರು ಮಾಡಿದ್ದನ್ನು ನನ್ನ ಗೆಳೆಯನ ಕ್ಲಿನಿಕ್ಕು ಮಾಡಲಿಲ್ಲ. ಮುಕ್ಕಾಲು ಗಂಟೆ ಕೂತರು. ಅಣ್ಣನನ್ನು ಹೊರಗೆ ಕಳಿಸಿ ಅತ್ತಿಗೆಯನ್ನು ಕೇಳಿದರಂತೆ, ಗೊರಕೆ ಹೊಡೆಯುತ್ತಾರಾ, ನಡುವೆ ಉಸಿರು ನಿಂತ ಹಾಗೆ ಆಗುತ್ತದಾ ಎಂದು. ಅತ್ತಿಗೆ ಹತ್ತು ವರ್ಷದಿಂದ ಎದ್ದು ಎದ್ದು ಅವನನ್ನು ಅಲುಗಾಡಿಸಿ ಮಲಗುವವರು. ನಿದ್ದೆಯ ಪರೀಕ್ಷೆಯಲ್ಲಿ ಸ್ಲೀಪ್ ಅಪ್ನಿಯಾ ಸಾಕಷ್ಟು ತೀವ್ರವಾಗಿಯೇ ಇದೆ ಎಂದು ಗೊತ್ತಾಯಿತು. ಅದಕ್ಕೆ ಚಿಕಿತ್ಸೆ ಆಗದೆ ಟೆಸ್ಟೋಸ್ಟಿರಾನ್ ಕೊಟ್ಟಿದ್ದರೆ ಇನ್ನಷ್ಟು ಕೆಡುವ ಅಪಾಯವಿತ್ತು. "ಇಂಜೆಕ್ಷನ್ ಈಗ ಬೇಡ. ಮೂಗಿಗೆ ಮಷೀನ್ ಹಾಕಿ ಮಲಗಿ, ಎಂಟು ಕೆಜಿ ಇಳಿಸಿ, ಆರು ತಿಂಗಳು ಬಿಟ್ಟು ನೋಡೋಣ," ಎಂದರಂತೆ. ಅಣ್ಣ ಐದು ಕೆಜಿ ಇಳಿಸಿದ್ದಾನೆ. ಮಧ್ಯಾಹ್ನದ ತೂಕಡಿಕೆ ಹೋಗಿದೆ. ಉಳಿದದ್ದು ಇನ್ನೂ ಪೂರ್ತಿ ಸರಿಯಾಗಿಲ್ಲ ಎಂದು ಅವನೇ ಹೇಳಿದ, ಕನ್ನಡದಲ್ಲೇ, ತಡವರಿಸುತ್ತ. ನಾನು ಕಾರಿನಲ್ಲಿ ಕೂತು ಹುಡುಕಿದ ಮಾತಿಗಿಂತ ಅವನ ಮಾತು ಸರಳವಾಗಿತ್ತು.

ಹೋದ ಭಾನುವಾರ ಅವನೇ ಫೋನ್ ಮಾಡಿದ.

"ನಿಂದೆಷ್ಟು ಬಂದಿತ್ತೋ?"

"412."

"ಬೆಳಿಗ್ಗೆ ತಾನೇ ಕೊಟ್ಟಿದ್ದು?"

"ಹೌದು ಅಣ್ಣ, ಬೆಳಿಗ್ಗೆ."

"ಸರಿ ಹಾಗಾದ್ರೆ. ಭಾವನೂ ಸುಸ್ತು ಸುಸ್ತು ಅಂತಾರೆ. ನೀನು ಕೇಳ್ತೀಯೋ, ನಾನೇ ಕೇಳ್ಲೋ?"