ಮಾರ್ಕ್ 21, ಅದೂ ಪೆನ್ನಲ್ಲಿ

ಗ್ರಂಥಾಲಯ ವಿಜ್ಞಾನದ ಎಂ.ಲಿಬ್. ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ನಿನ್ನೆ ಮಾರ್ಕ್ 21 ರೆಕಾರ್ಡನ್ನು, ಅಂದ್ರೆ ಕಂಪ್ಯೂಟರ್ ಓದೋಕೆ ಅಂತ ಇರುವ ಪುಸ್ತಕದ ವಿವರವನ್ನು, ಹಾಳೆ ಮೇಲೆ ಬರೆಸಿದರು! ಫೀಲ್ಡ್ 100ಕ್ಕೆ ಲೇಖಕರು, 245ಕ್ಕೆ ಶೀರ್ಷಿಕೆ, ನಡುವೆ ಭಾಗಗಳನ್ನು ಬೇರ್ಪಡಿಸುವ ಡಾಲರ್ ಗುರುತು, ಎಲ್ಲಾ ನೀಲಿ ಪೆನ್ನಲ್ಲಿ. ಒಂದು ಡಾಲರ್ ತಪ್ಪಿದರೆ ಅಂಕ ಕಟ್. ಪಕ್ಕದಲ್ಲೇ ಕಂಪ್ಯೂಟರ್ ಲ್ಯಾಬ್ ಇದೆ, ಬೀಗ ಹಾಕಿದೆ.

ಗ್ರಂಥಾಲಯ ನಡೆಸುವ ಸಾಫ್ಟ್‌ವೇರ್ ಕೋಹಾ 2000ದಿಂದ ಬಳಕೆಯಲ್ಲಿದೆ, ದುಡ್ಡು ಕೊಡದೆ ಸಿಗುತ್ತದೆ. ಅದನ್ನು ಮುಟ್ಟೋಕೂ ಬಿಡಲ್ಲ ಅಂದ್ರೆ ಹೇಗೆ? ಸ್ಕ್ರೀನಿನ ಚಿತ್ರ ಬಿಡಿಸಿ ಸಹಿ ಹಾಕಿಸಿಕೊಂಡರೆ ಕಲಿತ ಹಾಗಾ? ಪುಸ್ತಕದ ವಿವರ ಬರೆಯುವ ಹೊಸ ನಿಯಮಾವಳಿ ಆರ್‌ಡಿಎ 2010ರಲ್ಲೇ ಬಂತು. ನಮ್ಮ ನೋಟ್ಸ್ ಇನ್ನೂ 1978ರ ಹಳೇ ನಿಯಮಾವಳಿ ಎಎಸಿಆರ್-2ರಲ್ಲೇ ನಿಂತಿದೆ. ಗ್ರಂಥಾಲಯ ಬೆಳೆಯುವ ಜೀವಿ ಅಂತ ನಮ್ಮ ಗ್ರಂಥಾಲಯ ವಿಜ್ಞಾನದ ಪಿತಾಮಹ ರಂಗನಾಥನ್ 1931ರಲ್ಲೇ ಬರೆದರು. ಆ ಸೂತ್ರವನ್ನು ಬಾಯಿಪಾಠ ಮಾಡಿಸುವವರಿಗೆ ಅದರ ಅರ್ಥ ಬೇಡವಾ?

ಕೆಲಸದ ಸಂದರ್ಶನದಲ್ಲಿ ಮೊದಲ ಪ್ರಶ್ನೆಯೇ, "ಡಿಸ್ಪೇಸ್ ಇನ್‌ಸ್ಟಾಲ್ ಮಾಡಿದ್ದೀರಾ?" ಅದು ಡಿಜಿಟಲ್ ಸಂಗ್ರಹದ ಸಾಫ್ಟ್‌ವೇರ್. ಏನಂತ ಹೇಳೋಣ? ಎರಡು ವರ್ಷದ ಫೀಸು, ಅಪ್ಪ ಅಮ್ಮನ ಬೆವರು, ಯಾರು ಉತ್ತರ ಕೊಡ್ತಾರೆ?